ಅಜ್ಜಿಯ ಬಾಯಿಬೀಗ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದ ಯಶಸ್ವಿನಿ ತುಟಿ ಬಿಗಿದುಕೊಂಡಿದ್ದಳು. ಏಳು ವರ್ಷದ ಹುಡುಗಿ. ಕೆಳದವಡೆಯ ಹುಳುಕು ಹಲ್ಲು ವಾರದಿಂದ ಮನೆಮಂದಿಯ ನಿದ್ದೆ ಕೆಡಿಸಿತ್ತು. ಬೇರಿನವರೆಗೆ ಶುಚಿ ಮಾಡಿ ತುಂಬದಿದ್ದರೆ ಹಲ್ಲು ಕೀಳಲೇಬೇಕು ಎಂದು ಡಾಕ್ಟರ್ ಕೋಮಲಾ ಹೇಳಿಯಾಗಿತ್ತು. ಆದರೂ ಬಾಯಿ ತೆರೆಯಲೊಲ್ಲಳು.

"ತೆಗಿಯವ್ವ, ನನ್ ಬಂಗಾರ ಅಲ್ವಾ," ಎಂದು ಅಜ್ಜಿ ವಿಜಯಮ್ಮ ಗದ್ದ ಹಿಡಿದು ಬೇಡಿದರು. "ಇರುವೆ ಕಚ್ದಂಗೆ ಆಯ್ತದೆ, ಅಷ್ಟೇಯ."

"ಓದ್ಸಲದ ಡಾಕ್ಟ್ರೂ ಇರುವೆ ಅಂತ್ಲೇ ಅಂದಿದ್ರು. ಅದು ಚೇಳು ಕಣಜ್ಜಿ. ನಿಂಗೇನಾರ ಚುಚ್ಚಿದ್ರಾ?"

"ನಂಗಾ? ಈ ಕೆನ್ನೆಯಿಂದ ಆ ಕೆನ್ನೆಗೇ ಚುಚ್ಚಿದ್ರು ಕಣೇ! ಬರೀ ಇಬೂತಿ ಸವರಿ. ಒಂಚೂರೂ ನೋವಾಗ್ಲಿಲ್ಲ. ಎಲ್ಲಾ ಅಮ್ಮನ ಮಹಿಮೆ."

ವಿಜಯಮ್ಮನ ಎರಡು ಕೆನ್ನೆಗಳ ಮೇಲೂ ಒಂದೊಂದು ಸಣ್ಣ ಗುಳಿ. ಈ ಮೊಮ್ಮಗಳು ಹುಟ್ಟಿದಾಗ ಅಳಲೇ ಇಲ್ಲ. ಮಗು ಉಳಿದರೆ ಬಾಯಿಬೀಗ ಹಾಕಿಸಿಕೊಳ್ಳುತ್ತೇನೆಂದು ಅವರು ಊರಮ್ಮನಿಗೆ ಹರಕೆ ಹೊತ್ತರು. ಮುಂದಿನ ಹಬ್ಬದಲ್ಲಿ ಎರಡೂ ಕೆನ್ನೆಗಳನ್ನು ತೂರುವ ಸರಳು ಚುಚ್ಚಿಸಿಕೊಂಡು, ಮಾತಿಲ್ಲದೆ ಗುಡಿ ಸುತ್ತಿ ಬಂದರು. ನೋವಾಗಲಿಲ್ಲವೆಂಬ ಈ ಮಾತನ್ನು ಅಂದಿನಿಂದ ಅವರು ಯಾರಿಗೆ ತಾನೇ ಹೇಳಿಲ್ಲ!

ಕೋಮಲಾ ಹುಡುಗಿಯ ಕಡೆಗೆ ಬಾಗಿದರು. "ಹೋದ ಸಲ ಇಂಜೆಕ್ಷನ್ ಆದ್ಮೇಲೆ ಏನಾಯ್ತು ಪುಟ್ಟಿ?"

"ತುಟಿ ಕಾಣೆ ಆಗೋಯ್ತು. ಎಲ್ಲೋಯ್ತು ಅಂತ ಕಚ್ಚಿ ಕಚ್ಚಿ ನೋಡ್ದೆ."

"ರಾತ್ರಿಗೆ ಬದನೆಕಾಯಂಗೆ ಊದ್ಕಂಡಿತ್ತು ಕಣ್ರವ್ವ," ಎಂದರು ವಿಜಯಮ್ಮ.

ಕೋಮಲಾ ಕೈಗೆತ್ತಿಕೊಂಡಿದ್ದ ಔಷಧಿಯ ಗಾಜಿನ ಕೊಳವೆಯನ್ನು ಕೆಳಗಿಟ್ಟು ಇನ್ನೊಂದನ್ನು ತೆಗೆದರು. ಯಶಸ್ವಿನಿಯ ಕಣ್ಣರಳಿತು. "ಯಾಕ್ ಬದಲಾಯಿಸ್ತೀರಾ? ಎರಡೂ ಮರಗಟ್ಸೋ ಔಷಧೀನೇ ಅಲ್ವಾ?"

"ಒಳ್ಳೆ ಪ್ರಶ್ನೆ. ಅದು ಲಿಗ್ನೊಕೇನ್. ಕೆಳಗಿನ ಹಲ್ಲಿಗೆ ಅದನ್ನ ದವಡೆ ಹಿಂದೆ, ನರದ ಹತ್ರ ಕೊಡ್ತೀವಿ. ಅರ್ಧ ತುಟಿ, ಅರ್ಧ ನಾಲಿಗೆ ಎಲ್ಲಾ ಮರಗಟ್ಟುತ್ತೆ. ಇದು ಆರ್ಟಿಕೇನ್. ಮೂಳೆಯೊಳಕ್ಕೆ ಚೆನ್ನಾಗಿ ಇಳಿಯುತ್ತೆ, ಹಲ್ಲಿನ ಪಕ್ಕ ವಸಡಿಗೆ ಕೊಟ್ರೆ ಸಾಕು. ನಿನ್ನ ತೂಕಕ್ಕೆ ಎಷ್ಟು ಬೇಕೋ ಅಷ್ಟೇ. ನಾಲಿಗೆ ನಿನ್ನ ಹತ್ರಾನೇ ಇರುತ್ತೆ. ತುಟಿ ಮಾತ್ರ ಸ್ವಲ್ಪ ಹೊತ್ತು ಹೋಗಿ ಬರಬಹುದು."

"ನೋಯಲ್ವಾ?"

ಕೋಮಲಾ ಸ್ಟೂಲು ಎಳೆದು ಅವಳ ಪಕ್ಕ ಕೂತರು. "ನೋಯುತ್ತೆ. ಮೊದಲು ಮುಲಾಮು ಹಚ್ತೀನಿ, ಆದ್ರೂ ನೋಯುತ್ತೆ. ನಾನು ಹತ್ತು ಎಣಿಸೋವರೆಗೆ. ಆಮೇಲಿಲ್ಲ."

"ಅಯ್ಯೋ, ಮಗೀಗೆ ಇಂಗಂತಾರಾ?" ವಿಜಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು.

ಹುಡುಗಿ ಡಾಕ್ಟರ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲನೆ ಬಾಯಿ ತೆರೆದಳು. ಎಣಿಕೆ ನಾಲ್ಕಕ್ಕೆ ಬಂದಾಗ ಒಂದು ಹನಿ ಕಣ್ಣೀರು ಕಿವಿಯತ್ತ ಜಾರಿತು. ಹತ್ತಕ್ಕೆ ಬರುವಷ್ಟರಲ್ಲಿ ಬಿಗಿದಿದ್ದ ಮುಷ್ಟಿ ಸಡಿಲಾಗಿತ್ತು. ಹಲ್ಲು ಶುಚಿ ಮಾಡುವಾಗ ಅವಳು ಅಲುಗಾಡಲಿಲ್ಲ. ನಡುವೆ ನಾಲಿಗೆ ಮಾತ್ರ ಇದ್ದಲ್ಲೇ ಇದೆಯೇ ಎಂದು ಆಡಿಸಿ ನೋಡಿಕೊಂಡಳು.

ಕೊನೆಗೆ ಕೋಮಲಾ ತುಟಿಗೂ ಹಲ್ಲಿಗೂ ನಡುವೆ ಹತ್ತಿಯ ಸುರುಳಿಯೊಂದನ್ನು ಇಟ್ಟರು. "ತುಟಿ ವಾಪಸ್ ಬರೋವರೆಗೆ ಕಚ್ಚಂಗಿಲ್ಲ, ಮಾತೂ ಇಲ್ಲ."

"ನಿಂಗೂ ಬಾಯಿಬೀಗ ಆಯ್ತು ಬುಡು," ಎಂದು ವಿಜಯಮ್ಮ ನಕ್ಕರು. ಆದರೆ ಮೆಟ್ಟಿಲಿಳಿಯುವಾಗ ಆ ನಗು ಉಳಿದಿರಲಿಲ್ಲ. ನೋಯಲ್ಲವೆಂದು ಬೇಡಿದ ಅಜ್ಜಿಗೆ ತೆರೆಯದ ಬಾಯಿ, ನೋಯುತ್ತದೆ ಎಂದವರಿಗೆ ತೆರೆದಿತ್ತು.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಜ್ಜಿಗೆ ಒರಗಿ ಕೂತಿದ್ದ ಹುಡುಗಿ, ಬೆರಳೆತ್ತಿ ಅಜ್ಜಿಯ ಕೆನ್ನೆಯ ಗುಳಿಯನ್ನು ಮುಟ್ಟಿದಳು. ಹುಬ್ಬೇರಿಸಿದಳು. ಮಾತಿಲ್ಲದ ಪ್ರಶ್ನೆ: ನೋವಾಗಿತ್ತಾ?

ವಿಜಯಮ್ಮ ಕಣ್ಣುಮುಚ್ಚಿ ಅಮ್ಮನನ್ನು ನೆನೆದರು. ಇಷ್ಟು ವರ್ಷ ಆಡಿದ ಮಾತು ಆಕೆಯ ಹೆಸರಿನ ಮೇಲೇ ನಿಂತಿತ್ತು. ಈಗ ತಲೆಯಾಡಿಸಿದರೆ ಆಕೆಯ ಮಹಿಮೆಗೆ ಕುಂದಾಗದೇ? ಮರುಗಳಿಗೆ ಇನ್ನೊಂದು ತೋಚಿತು: ಅಂದು ನೋವೇ ಆಗದಿದ್ದರೆ ತಾನು ಆಕೆಗೆ ಒಪ್ಪಿಸಿದ್ದಾದರೂ ಏನು?

ಹೌದೆಂದು ತಲೆಯಾಡಿಸಿದರು.

ಯಶಸ್ವಿನಿ ಎದ್ದು ಕೂತಳು. ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದಳು: ಹತ್ತರವರೆಗಾ?

ವಿಜಯಮ್ಮ ಮಡಿಲಲ್ಲಿದ್ದ ಚೀಲವನ್ನು ಕೆಳಗಿಟ್ಟರು. ತಮ್ಮ ಎರಡೂ ಕೈ ಬಿಡಿಸಿದರು, ಮುಚ್ಚಿದರು. ಮತ್ತೆ ಬಿಡಿಸಿದರು, ಮತ್ತೆ ಮುಚ್ಚಿದರು. ಅರಕಲಗೂಡಿನ ಬಸ್ಸು ಬಂದು ನಿಂತಾಗಲೂ ಆ ಕೈಗಳು ಅರಳಿ ಮುಚ್ಚುತ್ತಲೇ ಇದ್ದವು.