ನಾಲ್ಕು ಎಣಿಕೆ ತಡ

ರುಜು ಹಾಕಬಾರದೆಂದು ನಿಶ್ಚಯಿಸಿಯೇ ಮುದುಕರು ಪೆನ್ನು ತಂದಿದ್ದರು. ಬೇರೆಯವರ ಪೆನ್ನು ಕೈಯಲ್ಲಿ ಹಿಡಿದು ‘ಇಲ್ಲ’ ಎನ್ನುವುದು ಶೋಭಿಸದು.

ಹನ್ನೆರಡು ಕುರ್ಚಿಗಳ ಪುಟ್ಟ ಪ್ರದರ್ಶನ ಕೋಣೆ. ಮೂರರಲ್ಲಿ ಮಾತ್ರ ಜನ: ಮುದುಕರು, ಅವರ ಮಗಳು, ಚಿತ್ರದ ನಿರ್ದೇಶಕಿ. ನಿರ್ದೇಶಕಿಯ ಮಡಿಲಲ್ಲಿ ಒಪ್ಪಿಗೆಪತ್ರದ ಕಡತ. ನಡೆದ ಕಥೆ, ಬದುಕಿರುವವರ ಕಥೆ. ರುಜುವಿಲ್ಲದೆ ಚಿತ್ರ ತೆರೆ ಕಾಣುವಂತಿರಲಿಲ್ಲ.

“ಇಬ್ಬರದು ಬೇಕಿತ್ತು ಸರ್. ಒಂದು ಹೋದ ವಾರವೇ ಸಿಕ್ತು. ನಿಮ್ಮದೊಂದೇ ಬಾಕಿ.”

“ಅವರಿಗೂ ಚಿತ್ರ ತೋರಿಸಿದ್ರಾ?”

“ತೋರಿಸಿದ್ವಿ. ಕೊನೆ ತನಕ ಅಲ್ಲಾಡದೆ ಕೂತಿದ್ರು.”

“ನಗಲಿಲ್ವಾ? ಹಾಸ್ಯಚಿತ್ರ ಅಂದ್ರಿ.”

“ನಕ್ಕರು ಸರ್. ಒಂದೇ ಒಂದು ಸಲ.”

ದೀಪ ಆರಿತು.

ಕಥೆ ನಲವತ್ತೊಂದು ವರ್ಷ ಹಳೆಯದು. ಅರವತ್ತಮೂರು ವಾದಕರ ವೃಂದ. ರೇಡಿಯೋದಲ್ಲಿ ನೇರ ಪ್ರಸಾರ. ಹಿಂದಿನ ಸಾಲಿನಲ್ಲಿ ಕಂಚಿನ ತಾಳ ಹಿಡಿದವನ ಪಾಲಿಗೆ ಇದ್ದದ್ದು ಒಂದೇ ಪೆಟ್ಟು. ಇನ್ನೂರ ಹನ್ನೊಂದು ಆವರ್ತ ಅವನು ಸುಮ್ಮನೆ ನಿಂತು ಎಣಿಸಬೇಕು. ಆವರ್ತಕ್ಕೆ ನಾಲ್ಕರಂತೆ ಎಂಟುನೂರ ನಲವತ್ತನಾಲ್ಕು ಎಣಿಕೆ. ಅದರ ಮುಂದಿನದಕ್ಕೆ ಒಮ್ಮೆ ಬಾರಿಸಿ ಕುಳಿತರೆ ಅವನ ಸಂಗೀತ ಮುಗಿಯಿತು.

ಅಂದು ಇಡೀ ವೃಂದ ಗಕ್ಕನೆ ನಿಂತು ಆ ಪೆಟ್ಟಿಗಾಗಿ ಕಾಯಿತು. ಪೆಟ್ಟು ಬರಲಿಲ್ಲ. ಕೊಳಲಿನವನು ದಾರಿ ಕಾಣದೆ, ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆತ್ತಗೆ ತನ್ನ ಪಾಲು ಶುರುಮಾಡಿದ. ಆಗ ಬಿತ್ತು, ಢಣಾರ್! ಕೊಳಲು ಕೈಜಾರಿ ನೆಲಕ್ಕುರುಳಿತು. ಮೊದಲ ಸಾಲಿನ ಹೆಂಗಸೊಬ್ಬಳು ಕಿರುಚಿದ್ದೂ ಪ್ರಸಾರವಾಯಿತು. ನಾಲ್ಕು ಎಣಿಕೆ ತಡ. ಬೆಳಗಾಗುವುದರೊಳಗೆ ಊರೆಲ್ಲ ನಗೆಪಾಟಲು. ತಾಳದವನ ಕೆಲಸ ಹೋಯಿತು. ‘ಗೊರಕೆರಾಯ’ ಎಂಬ ಬಿರುದು ಉಳಿಯಿತು.

ಅಂದು ನಿಜವಾಗಿ ಏನಾಯಿತೆಂದು ಬಲ್ಲವರು ಲೋಕದಲ್ಲಿ ಇಬ್ಬರೇ. ಒಬ್ಬನನ್ನು ಯಾರೂ ನಂಬಲಿಲ್ಲ. ಇನ್ನೊಬ್ಬ ಬಾಯಿ ಬಿಡಲಿಲ್ಲ.

“ಅಪ್ಪಾ, ಯಾಕೆ ಇಷ್ಟು ಚಡಪಡಿಸ್ತೀರಿ?” ಮಗಳು ಪಿಸುಗುಟ್ಟಿದಳು. “ಎಷ್ಟು ವರ್ಷ ಆಯ್ತು! ನಗೋರು ನಗಲಿ ಬಿಡಿ.”

“ನಗಲಿ. ಯಾರನ್ನ ನೋಡಿ ನಗ್ತಾರೆ ಅನ್ನೋದು ನನಗೆ ಮುಖ್ಯ.”

ಜನರಿಗೆ ಬೆನ್ನು ಹಾಕಿಯೇ ಬಾಳಿದ ಮನುಷ್ಯ. ಎಂಬತ್ತಮೂರರ ವಯಸ್ಸಿನಲ್ಲಿ ಅದೇ ಜನರಿಗೆ ಮುಖ ತೋರಿಸಬೇಕಾಗಿ ಬಂದರೆ ಮೈ ಬೆವರದಿರುತ್ತದೆಯೇ?

ತೆರೆಯ ಮೇಲೆ ವೃಂದನಾಯಕ ಬಂದ. ಒಳ್ಳೆಯ ಮೈಕಟ್ಟಿನ ನಟ. ಕೈ ಬೀಸಿದಾಗಲೆಲ್ಲ ಹಾರುವ ಕೂದಲು. ಮುದುಕರು ಆ ಕೂದಲನ್ನೇ ದಿಟ್ಟಿಸಿ, ತಮ್ಮ ಬೋಳು ತಲೆಯನ್ನೊಮ್ಮೆ ಸವರಿಕೊಂಡರು. ಬಳಿಕ ತಾಳದವನು ಬಂದ. ನಿಜದಲ್ಲಿ ಕಡ್ಡಿಯಂತಿದ್ದವನಿಗೆ ಇಲ್ಲಿ ದಿಂಬಿನ ಹೊಟ್ಟೆ ಕಟ್ಟಿದ್ದರು. ನಲವತ್ತನೆಯ ಆವರ್ತಕ್ಕೆ ಅವನು ಆಕಳಿಸಿದ. ತೊಂಬತ್ತಕ್ಕೆ ತೂಕಡಿಸಿದ. ನೂರಿಪ್ಪತ್ತಕ್ಕೆ ಪಕ್ಕದ ನಗಾರಿಯ ಮೇಲೆ ಕೆನ್ನೆಯಿಟ್ಟು ಗೊರಕೆ ಹೊಡೆದ. ಗೊರಕೆಯೂ ತಾಳ ತಪ್ಪಿತ್ತು.

ಮುದುಕರ ಬಿಗಿದ ತುಟಿ ಸಡಿಲವಾಯಿತು. ಆಮೇಲೆ ಮುಗುಳ್ನಗೆ. ಆಮೇಲೆ, ಮಗಳು ಬೆಚ್ಚಿ ನೋಡುವಷ್ಟು ಜೋರಾದ ನಗು. ಪೆನ್ನು ಹಿಡಿದ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಆಡತೊಡಗಿತು.

“ಭೇಷ್! ಸರಿಯಾಗಿ ತೆಗೆದಿದ್ದೀರಿ. ಎಲ್ಲಿ, ಕೊಡಿ ಆ ಪತ್ರ.”

“ಇನ್ನೂ ಹತ್ತು ನಿಮಿಷ ಇದೆ ಸರ್. ಪೂರ್ತಿ ನೋಡಿ ಹಾಕಿ.”

“ನೋಡಿದ್ದು ಸಾಕು.”

“ತಡೀರಿ ಅಪ್ಪಾ. ನಿಮ್ಮದು ಯಾವಾಗ್ಲೂ ಆತುರ.”

ಮುದುಕರು ತಡೆಯಲಿಲ್ಲ. ತೆರೆಯ ಬೆಳಕಿನಲ್ಲೇ ರುಜು ಹಾಕಿ, ಕೆಳಗೊಂದು ಗೆರೆಯನ್ನೂ ಎಳೆದರು. ಮಗಳ ಕಣ್ಣು ಒದ್ದೆಯಾಯಿತು. ಅಪ್ಪ ಆ ಸಂಜೆಯನ್ನು ಕೊನೆಗೂ ಕ್ಷಮಿಸಿಬಿಟ್ಟರೆಂದುಕೊಂಡಳು.

ತೆರೆ ಕಪ್ಪಾಯಿತು. ನಟರಿಲ್ಲ, ದಿಂಬಿಲ್ಲ. ರೇಡಿಯೋದವರ ಉಗ್ರಾಣದಲ್ಲಿ ಸಿಕ್ಕ, ಆ ಸಂಜೆಯದೇ ಧ್ವನಿಮುದ್ರಣ. ಮುಗಿದ ಆವರ್ತಕ್ಕೊಂದರಂತೆ ತೆರೆಯ ಮೇಲೆ ಬಿಳಿಯ ಅಂಕಿ. ಏಳು ನಿಮಿಷ ಅಂಕಿಗಳೇ ಓಡಿದವು. ಇನ್ನೂರ ಎಂಟು. ಇನ್ನೂರ ಒಂಬತ್ತು. ಇನ್ನೂರ ಹತ್ತು. ವೃಂದ ಅಲ್ಲೇ ನಿಂತುಬಿಟ್ಟಿತು. ಬಡಪಾಯಿ ಕೊಳಲೊಂದರ ಜೊತೆ ಇನ್ನೂ ಒಂದು ಆವರ್ತ ಕಳೆಯಿತು. ಇನ್ನೂರ ಹನ್ನೊಂದು. ಅದರ ಮುಂದಿನ ಎಣಿಕೆಗೆ, ಕೂದಲೆಳೆಯಷ್ಟೂ ಆಚೀಚೆಯಾಗದೆ, ಢಣಾರ್!

ಬಳಿಕ ಎರಡು ಸಾಲು ಅಕ್ಷರ: ‘ಅರವತ್ತೆರಡು ಮಂದಿ ನಾಯಕನ ಆತುರದ ಕೈ ನೋಡಿ ಒಂದು ಆವರ್ತ ನುಂಗಿದರು. ಎಣಿಸಿದವನು ಒಬ್ಬನೇ.’

ನಿರ್ದೇಶಕಿ ಕಡತ ಮುಚ್ಚಿದಳು.

“ಅವರು ನಕ್ಕಿದ್ದು ಇಲ್ಲೇ ಸರ್.”

ಮುದುಕರು ತಮ್ಮ ಬಲಗೈಯನ್ನೇ ನೋಡಿಕೊಂಡರು. ಅಂದು ವೃಂದದ ಮುಂದೆ ನಿಂತು ಕೈ ಬೀಸಿದವರು ಅವರೇ, ಮತ್ತು ಆ ಕೈ ಇಂದೂ ಕಾದಿರಲಿಲ್ಲ.