ರುಚಿ ಬುಕ್ಕು

“ಮುತ್ತಕ್ಕಾ, ಕೆಟ್ಟೆ ಕಣಕ್ಕೋ! ಡಾಕ್ಟ್ರು ನಿನ್ ಇಸ್ಯ ಮಂಡ್ಯದ ದೊಡ್ಡಾಫೀಸ್ಗೆ ಬರ್ದವ್ರೆ. ಉತ್ತರಾನೂ ಬಂದ್ಬುಡ್ತು!”

ಅಟೆಂಡರ್ ಸಿದ್ದರಾಜು ಆಸ್ಪತ್ರೆ ಅಡುಗೆಮನೆ ಬಾಗಿಲಲ್ಲೇ ನಿಂತು ಒದರಿದ. ಮುದ್ದೆ ತಿರುವುತ್ತಿದ್ದ ಮುತ್ತಮ್ಮನ ಕೈ ನಿಂತಿತು.

“ಏನಂತ ಬರ್ದವ್ರೆ?”

“ಇಂಗ್ಲಿಸ್ನಾಗೈತೆ. ನಿನ್ ಹೆಸ್ರೊಂದು ಓದ್ಕಂಡೆ. ಆ ರುಚಿ ಬುಕ್ಕಿನ ಸಮಾಚಾರವೇ ಇರ್ಬೇಕು ಬುಡು.”

ರುಚಿ ಬುಕ್ಕು ಸರ್ಕಾರದ ರೂಲು. ರೋಗಿಗಳಿಗೆ ಬಡಿಸೋ ಮುಂಚೆ ಡಾಕ್ಟರೇ ಒಂದು ತುತ್ತು ತಿಂದು, ಹೇಗಿದೆ ಅಂತ ಬರೆದು ರುಜು ಹಾಕಬೇಕು. ಹಿಂದಿನವರು ತಿಂಗಳಿಗೊಂದ್ಸಲ ಕೂತು ಮೂವತ್ತು ರುಜು ಗೀಚಿ ಹೋಗೋರು. ಡಾಕ್ಟರ್ ಅಂದಾನಯ್ಯ ಹಂಗಲ್ಲ. ಬಂದ ಹೊಸದರಲ್ಲಿ ಜ್ವರ ಹಿಡಿದು ಒಂದು ತಿಂಗಳು ಮಲಗಿದ್ದು ಬಿಟ್ಟರೆ, ದಿನಾ ಹನ್ನೆರಡಕ್ಕೆ ಹಾಜರು. ಹುಳ ಬಿದ್ದ ಅಕ್ಕಿ ಮೂಟೆಯನ್ನ ಎರಡು ಸಲ ವಾಪಸ್ ಕಳಿಸಿದ್ದರು.

ಮಣೆ ಮೇಲೆ ಕೂತು, ತುತ್ತು ನುಂಗಿ, ಅವಳ ಮುಖ ನೋಡೋರು. “ಉಪ್ಪು ಹೇಗಿದೆ ಮುತ್ತಮ್ಮ? ಖಾರ?”

ತಿಂದೋರು ಅವರು, ಕೇಳೋದು ನನ್ನ! ಪರೀಕ್ಷೆ ಮಾಡ್ತಾವ್ರೆ ಅಂದ್ಕೊಂಡು ಅವಳು ಇದ್ದದ್ದು ಇದ್ದಂಗೆ ಹೇಳೋಳು. ಅವರು ಬರ್ಕೊಳ್ಳೋರು. ಗಂಡ ಸತ್ತು, ತನ್ನೂರು ಅರಕೆರೆ ಬಿಟ್ಟು, ಈ ಅಡುಗೆಮನೆ ಹಿಂದಿನ ಕೋಣೆ ಸೇರಿದ ಮೇಲೆ ಅವಳನ್ನ ದಿನಕ್ಕೊಂದು ಮಾತು ಕೇಳೋ ಮನುಷ್ಯ ಅವರೊಬ್ಬರೇ. ಕೆಲಸ ಹೋದರೆ ಕೋಣೆ ಹೋಯಿತು. ಆ ಮಾತೂ ಹೋಯಿತು.

ಸುಳ್ಳು ಹೇಳಿದ್ದು ಒಂದೇ ದಿನ. ಹೋದ ತಿಂಗಳು, ಗಂಡನ ತಿಥಿ. ಉಪ್ಪು ಹೇಗಿದೆ ಅಂತ ಡಾಕ್ಟರು ಕೇಳಿದಾಗಲೇ, ಸಾರಿಗೆ ಉಪ್ಪೇ ಹಾಕಿಲ್ಲ ಅಂತ ಅವಳಿಗೆ ಹೊಳೆದದ್ದು. ಹೆದರಿ, “ಸರಿಯಾಗೈತೆ ಬುದ್ಧಿ” ಅಂದುಬಿಟ್ಟಳು. ಅವರು ತಟ್ಟೆ ಖಾಲಿ ಮಾಡಿ, ‘ಸರಿ ಇದೆ’ ಅಂತಲೇ ಬರೆದರು. ವಾರ್ಡಿನವರು ತಟ್ಟೆ ತಳ್ಳಿದರು. ಡಾಕ್ಟರು ಮಾತ್ರ ಇವತ್ತಿನವರೆಗೂ ಅದರ ಮಾತೆತ್ತಿರಲಿಲ್ಲ.

ಹನ್ನೆರಡಾಯಿತು. ಕೈಯಲ್ಲಿ ಲಕೋಟೆ ಹಿಡಿದು ಡಾಕ್ಟರು ಬಂದರು.

“ತಪ್ಪಾಯ್ತು ಬುದ್ಧಿ,” ಅವಳೇ ಶುರು ಮಾಡಿದಳು. “ಅವತ್ತು ಉಪ್ಪೇ ಹಾಕಿರ್ನಿಲ್ಲ. ನಿಮಗೂ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಸುಮ್ಕಿದ್ರಿ?”

ಅಂದಾನಯ್ಯ ಮಣೆ ಎಳೆದುಕೊಂಡು ಕೂತರು. ಬುಕ್ಕು ತೆಗೆದು ಅವಳ ಕಡೆ ಸರಿಸಿದರು.

“ಗೊತ್ತಿರಲಿಲ್ಲ ಮುತ್ತಮ್ಮ. ಆ ಜ್ವರ ಬಂದು ಹೋದಾಗಿಂದ, ಎರಡು ವರ್ಷ ಆಯ್ತು, ನನ್ನ ನಾಲಿಗೆಗೆ ಯಾವ ರುಚಿಯೂ ಹತ್ತಲ್ಲ; ಈ ಬುಕ್ಕಲ್ಲಿರೋದೆಲ್ಲಾ ನಿನ್ನ ಮಾತು ಅಂತ ಮಂಡ್ಯಕ್ಕೆ ಬರೆದೆ. ನಾಳೆ ಹತ್ತು ಗಂಟೆಗೆ ಅಲ್ಲಿ ಮೀಟಿಂಗು, ರುಚಿ ಹೇಳೋಳು ಅಂತ ನೀನೂ ಬರಬೇಕಂತೆ.”