ಹಿಂದವಾಡಿಯಲ್ಲಿ ಕ್ಯೋಟೋ

"ಮೆಂತೇ… ಕೊತ್ತಂಬರೀ…"

ಕೂಗು ಕಿಟಕಿಯ ಕೆಳಗೇ ಎದ್ದಿತು. ಮುಗ್ಧಾ ಗಬಕ್ಕನೆ ಫೋನನ್ನು ಅಂಗೈಯಿಂದ ಮುಚ್ಚಿದಳು. ತಡವಾಗಿತ್ತು. ಕ್ಯೋಟೋದಲ್ಲಿ ಯಾರೂ ಕನ್ನಡದಲ್ಲಿ ಮೆಂತೆ ಮಾರುವುದಿಲ್ಲ.

"ಯಾರದು ಒದರಾಕತ್ತಾರ?" ಖಾನಾಪುರದಿಂದ ದೊಡ್ಡಪ್ಪ ಗಜಾನನನ ದನಿ. ಅಲ್ಲಿ ಫೋನು ಸ್ಪೀಕರಿನಲ್ಲಿತ್ತು.



"ನಮ್ಮ ಓಣ್ಯಾಗ ಭಾಜಿಯವ ಬಂದಾನಣ್ಣಾ. ತಡಿ, ಬಾಗಲಾ ಹಾಕ್ತೀನಿ," ಎಂದರು ಅಪ್ಪ ಕೃಷ್ಣಾಜಿ. ಬಾಗಿಲು ಹಾಕಿದ ಸದ್ದು. "ಹೂಂ, ಹೇಳವಾ. ಬಂಗಾರದ ಗುಡಿ ನೋಡಿದ್ಯಾ?"

ಎರಡೂ ಊರಲ್ಲಿ ಒಂದೇ ಹೊತ್ತಿಗೆ ಭಾಜಿಯವ! ದೇವರು ದೊಡ್ಡವನು ಎಂದುಕೊಂಡಳು. "ನೋಡಿದೆ ಅಪ್ಪಾ. ಫೋಟೋ ಕಳಿಸೀನಲ್ಲ."

"ಗುಡಿ ಐತಿ, ನೀ ಎಲ್ಲದೀ?" ದೊಡ್ಡಪ್ಪ ಬಿಡಲಿಲ್ಲ. "ಟೋಕಿಯೋದಾಗೂ ಇಲ್ಲ, ಆ ಹಿಮದ ಗುಡ್ಡದ ಮುಂದೂ ಇಲ್ಲ. ವಿಡಿಯೋ ಹಚ್ಚು, ನೋಡೂಣು."

"ಆಕಿ ಫೋಟೋಕ್ಕ ನಿಲ್ಲಾಕ ಮದಲಿಂದ ನಾಚತಾಳ. ವಿಡಿಯೋ ಹಚ್ಚಿದ್ರ ಡಾಟಾ ತೀರತೈತಿ. ಅಲ್ಲಿ ಊಟದ ಹೊತ್ತು ಹೌದಲ್ಲೋ? ಇಡು, ಇಡು." ಅಪ್ಪನೇ ಫೋನಿಟ್ಟರು.

ಆಯೆಷಾ ಚಹಾ ಹಿಡಿದು ಒಳಗೆ ಬಂದಳು. ಕಾಲೇಜಿನ ದಿನಗಳಿಂದ ಇಡೀ ಬೆಳಗಾವಿಯಲ್ಲಿ ಮುಗ್ಧಾಗೆ ಇದ್ದ ಗೆಳತಿ ಅವಳೊಬ್ಬಳೇ. ಹಿಂದವಾಡಿಯ ಈ ಮಾಳಿಗೆಯ ಕೋಣೆ ಅವಳದೇ.

"ಏನವಾ ಜಪಾನಬಾಯಿ, ಇವತ್ತ ಯಾವೂರು?"

"ಕ್ಯೋಟೋ. ನಾಳೆ ನಾರಾ."

"ನಿನ್ನ ಜಪಾನ ಭಾಳ ಸಣ್ಣದ ಬಿಡು. ಹನ್ನೆರಡು ಫೂಟು ಉದ್ದ, ಹತ್ತು ಫೂಟು ಅಗಲ. ಪಾಯಖಾನಿ ಬಾಜೂಕ."

ಮುಗ್ಧಾ ನಗಲಿಲ್ಲ.

ಹನ್ನೆರಡನೇ ತಾರೀಖಿನ ಸಂಜೆ ಟೂರಿನವರ ಸಂದೇಶ ಬಂದಿತ್ತು: ನಿಮ್ಮ ವೀಸಾ ಆಗಿಲ್ಲ, ಉಳಿದವರು ಹೋಗುತ್ತಿದ್ದಾರೆ. ತಪ್ಪು ಅವಳದೇ. ಅವಳು ಕಲಿಸುವ ಶಾಲೆಯ ರಜಾಪತ್ರಕ್ಕೆ ಹೆಡ್‌ಮಾಸ್ತರರ ಸಹಿ ಬೇಕಿತ್ತು. ಒಮ್ಮೆ ಕೇಳಿದಾಗ 'ಆಮ್ಯಾಲ ಬಾ' ಎಂದಿದ್ದರು. ಎರಡನೇ ಸಲ ಕೇಳಲು ನಾಚಿ ಸಹಿಯಿಲ್ಲದ ಕಾಗದವನ್ನೇ ಕೊಟ್ಟಿದ್ದಳು.

ಅಪ್ಪನಿಗೆ ಹೇಳಿಬಿಡೋಣ ಎಂದು ಓಡಿ ಬಂದರೆ ಖಾನಾಪುರ ಬಸ್ ನಿಲ್ದಾಣದೆದುರು ಫ್ಲೆಕ್ಸ್ ಏರುತ್ತಿತ್ತು. ಅವಳದೇ ಮುಖ, ಬಂಡಿಯ ಗಾಲಿಯಷ್ಟು ದೊಡ್ಡದು. ಜಪಾನ್ ಪ್ರವಾಸಕ್ಕೆ ಹೊರಟ ನಮ್ಮೂರ ಮಗಳಿಗೆ ಹಾರ್ದಿಕ ಶುಭಾಶಯಗಳು. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಮನೆಯಲ್ಲಿ ಅಣ್ಣನೆದುರು ಎಂದೂ ದನಿ ಎತ್ತರಿಸದ ಅಪ್ಪ ನಡುಬೀದಿಯಲ್ಲಿ ಏಣಿ ಹಿಡಿದು ಗಂಟಲು ಹರಿದುಕೊಳ್ಳುತ್ತಿದ್ದರು: "ಇನ್ನೂ ಮ್ಯಾಲ ಏರಸ್ರಿ! ಎಲ್ಲಾರಿಗೂ ಕಾಣಬೇಕು!"

ಮರುದಿನ ಬಸ್ಸು ಹತ್ತಿಸಲು ಮೂವತ್ತು ಮಂದಿ. ಹಾರ, ಕುಂಕುಮ, ತೆಂಗಿನಕಾಯಿ. ಅಷ್ಟು ಜನರ ನಡುವೆ ಅವಳಿಗೆ ಬಾಯಿ ಬರಲಿಲ್ಲ. ಬೆಳಗಾವಿಯಲ್ಲಿ ಇಳಿದವಳು ವಿಮಾನ ನಿಲ್ದಾಣದ ಬದಲು ಆಯೆಷಾಳ ಬಾಗಿಲು ಬಡಿದಳು.

ಟೂರಿನ ವಾಟ್ಸ್ಯಾಪ್ ಗುಂಪಿನಿಂದ ಅವಳನ್ನು ಇನ್ನೂ ತೆಗೆದಿರಲಿಲ್ಲ. ಅಲ್ಲಿ ಬಂದ ಚಿತ್ರಗಳನ್ನೇ ಮನೆಗೆ ಕಳಿಸುತ್ತಿದ್ದಳು. ದೊಡ್ಡಪ್ಪನ ಮಗ ಅಮರ ದಿನಾ ಇದೇ ರಸ್ತೆಯಲ್ಲಿ ಬೈಕಿನ ಮೇಲೆ ಕೆಲಸಕ್ಕೆ ಹೋಗುತ್ತಿದ್ದ. ಹಾಗಾಗಿ ಪರದೆ ಸರಿಸುವಂತಿಲ್ಲ, ಗಚ್ಚಿ ಹತ್ತುವಂತಿಲ್ಲ. ಊರುಗಳ ಹೆಸರು ಬರೆದಿಟ್ಟುಕೊಂಡು ಬಂದ ದಿನಚರಿಯಲ್ಲಿ ಈಗ ದಿನಕ್ಕೊಂದೇ ಸಾಲು: 'ಇವತ್ತೂ ಪರದೆ.'

ಬೈಗುಳಕ್ಕೆ ಅವಳು ಹೆದರಿರಲಿಲ್ಲ. ಗೋಡೆಯ ಬಣ್ಣದಿಂದ ಅವಳ ಕಾಲೇಜಿನವರೆಗೆ ಆ ಮನೆಯಲ್ಲಿ ಎಲ್ಲವೂ ದೊಡ್ಡಪ್ಪನ ಮಾತು. ಹಲಸಿ ಊರಿನ ಗಂಡೊಬ್ಬನಿಗೆ ಅವಳನ್ನು ಕೊಡುವ ಸುದ್ದಿ ಎತ್ತಿದ್ದೂ ಅವನೇ. ಜಪಾನ್ ಒಂದೇ ಅಪ್ಪ ಹಟ ಹಿಡಿದು ಗೆದ್ದದ್ದು. ಅದು ಸುಳ್ಳೆಂದು ತಿಳಿದರೆ ಅಪ್ಪ ಅಣ್ಣನೆದುರು ಇನ್ನೆಂದೂ ತಲೆ ಎತ್ತಲಾರರು.

ನಾರಾ ಮುಗಿಯಿತು, ಒಸಾಕಾ ಮುಗಿಯಿತು. ಹಿರೋಶಿಮಾದ ದಿನ ನಸುಕಿನಲ್ಲೇ ದೊಡ್ಡಪ್ಪನ ಸಂದೇಶ ಬಂತು: 'ನಾಳೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ನಾನೇ ಬರುವೆ. ಒಳಗಿನಿಂದ ನೀನು ಹೊರಬರುವ ವಿಡಿಯೋ ತೆಗೆಯಬೇಕು.'

"ಒಳಗಿಂದ ಹೆಂಗ ಬರ್ಲಿ?" ಮುಗ್ಧಾ ಫೋನನ್ನು ಆಯೆಷಾಳತ್ತ ಚಾಚಿದಳು.



ಮಧ್ಯಾಹ್ನ ಕೆಳಗೆ ಕರೆಗಂಟೆ ಸದ್ದು ಮಾಡಿತು. ಆಯೆಷಾಳ ತಾಯಿ ಸುಗರಾ ಯಾರನ್ನೋ ಒಳಗೆ ಕರೆದದ್ದು ಕೇಳಿಸಿತು. "ಖಾನಾಪುರದಿಂದ ಬಂದ್ರ್ಯಾ? ಮ್ಯಾಲ ಹೋಗ್ರಿ."

ಮೆಟ್ಟಿಲ ಮೇಲೆ ಹೆಜ್ಜೆ. ಕೋಣೆಗೆ ಇದ್ದುದು ಒಂದೇ ಬಾಗಿಲು. ಮುಗ್ಧಾ ಕಣ್ಣು ಮುಚ್ಚಿಕೊಂಡಳು.

"ಊಟಾ ಆತೇನವಾ?"

ಅಪ್ಪ. ಒಬ್ಬರೇ. ಕೈಯಲ್ಲಿ ಬಟ್ಟೆಯ ಚೀಲ.

"ಅಪ್ಪಾ, ನಾ… ನಿಮ್ಮ ಮರ್ಯಾದಿ…" ಮುಂದೆ ಅಳು ಬಂತು.

ಅಪ್ಪ ಚೀಲದಿಂದ ಕೊರಿಯರ್ ಲಕೋಟೆಯೊಂದನ್ನು ತೆಗೆದು ಅವಳ ತೊಡೆಯ ಮೇಲಿಟ್ಟರು. ಒಳಗೆ ಅವಳ ಪಾಸ್‌ಪೋರ್ಟು, ವೀಸಾ ನಿರಾಕರಿಸಿದ ಪತ್ರ. ಹಾಗಾದರೆ ಸಿಕ್ಕಿಬಿದ್ದಾಯಿತು.

"ದೊಡ್ಡಪ್ಪಗೂ ಗೊತ್ತಾತೇನ್ರಿ? ನಾಳೆ ವಿಮಾನ ನಿಲ್ದಾಣಕ್ಕ ಬರ್ತಾರಂತ."

"ಅವ ಎಲ್ಲಿ ಬರ್ತಾನ? ಹಲಸಿಯವರು ಇವತ್ತ ಮುಂಜಾನೆ ಬ್ಯಾರೆ ಹುಡುಗೀನ ನಿಶ್ಚಯ ಮಾಡ್ಕೊಂಡ್ರು. ಸಿಟ್ಟಿಗೆ ಮುಸುಕ ಹಾಕ್ಕೊಂಡ ಮಲಗ್ಯಾನ."

ಮುಗ್ಧಾ ಕಣ್ಣೊರೆಸಿಕೊಂಡಳು. ಹಲಸಿಯವರಿಗೂ ತನ್ನ ವೀಸಾಕ್ಕೂ ಏನು ಸಂಬಂಧ? "ಇದು ಮನಿಗೆ ಯಾವಾಗ ಬಂತ್ರಿ ಅಪ್ಪಾ?"

"ಹನ್ನೊಂದನೇ ತಾರೀಖಿಗೆ," ಎಂದರು ಅಪ್ಪ. "ವೀಸಾ ಆಗಿಲ್ಲಂತ ನನಗ ನಿನಗಿಂತ ಒಂದ ದಿನ ಮದಲ ಗೊತ್ತಿತ್ತವಾ, ಪ್ರವಾಸ ಬಿಡಿಸಿ ಹದಿನೈದಕ್ಕ ನಿನ್ನ ನಿಶ್ಚಯ ಮುಗಸಾಕ ಅಣ್ಣ ತಯಾರಾಗಿದ್ದು ನಿನಗ ಗೊತ್ತಿರಲಿಲ್ಲ, ಅಷ್ಟ."